ಬೆಣ್ಣಿಹಾಳದಿಂದ ಚಂದ್ರನಿಗೆ ಲೈನ್ ಕ್ಲಿಯರ್

ನಮ್ಮತ್ತೆಯ ಕಂಪ್ಯೂಟರು ಬೇಸೂರಾಗಿ ಹಾಡುತ್ತಿತ್ತು. ತಮಾಷೆಗೆ ಹೇಳುತ್ತಿಲ್ಲ. ಅದಕ್ಕೆ ನಿಜವಾಗಿಯೂ ಎರಡು ಸ್ವರ ಬರುತ್ತಿದ್ದವು, ಎರಡೂ ಇರಬೇಕಾದ ಜಾಗಕ್ಕಿಂತ ಒಂದು ಕೂದಲೆಳೆ ಕೆಳಗೆ.

ದಪ್ಪ ಕೀಲಿಗಳ ಕಂದು ಪೆಟ್ಟಿಗೆ ಅದು. ಟಿವಿಗೆ ಸಿಕ್ಕಿಸಿದರೆ ಕಪ್ಪು ಪರದೆಯ ಮೇಲೆ ಹಸಿರು ಅಕ್ಷರಗಳು ಬರುತ್ತವೆ, ಅವೂ ಬರೀ ಇಂಗ್ಲಿಷಿನವು. ಅತ್ತೆ ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟುತ್ತಿದ್ದರು. ಅದರ ನೆನಪಿನ ಶಕ್ತಿ ಎಷ್ಟೆಂದರೆ, ಈ ಕಥೆಯನ್ನು ಅದಕ್ಕೆ ಹೇಳಿದರೆ ಕೊನೆ ಮುಟ್ಟುವಷ್ಟರಲ್ಲಿ ಮೊದಲನ್ನು ಮರೆತಿರುತ್ತದೆ. ನಾನು ಹುಟ್ಟುವ ಮೊದಲೇ ತಯಾರಾಗಿ, ನಾನು ಶಾಲೆಗೆ ಹೋಗುವ ಹೊತ್ತಿಗೆ ಹಳತಾಗಿ, ಗುಜರಿ ಸೇರಿದ್ದ ಜಾತಿಯ ಯಂತ್ರ. ಅತ್ತೆ ಅದನ್ನು ಮಗಳ ಓದಿಗೆಂದು ಗುಜರಿಯಿಂದಲೇ ತಂದರಂತೆ.

ಅಂಥ ಪೆಟ್ಟಿಗೆ ಇಂಟರ್‌ನೆಟ್ ಹಿಡಿದು ಚಂದ್ರನವರೆಗೆ ಹೋದರೆ ಏನಾಗುತ್ತದೆ? ಈ ಪ್ರಶ್ನೆಯನ್ನು ಮೊದಲು ಕೇಳಿದವಳು ನನ್ನ ಹೆಂಡತಿ ದಾಕ್ಷಾಯಣಿ. ಕೇಳಿದವಳು ಚಂದ್ರನಿಗೆ ಹೋಗಿಬಿಟ್ಟಳು. ಉತ್ತರ ಹುಡುಕುವ ಕೆಲಸ ನನಗೆ ಬಿತ್ತು.

ನಾನು ಶ್ರೀಶೈಲ. ಚಂದ್ರನ ಜೊತೆಗಿನ ಮಾತುಕತೆ ನೋಡಿಕೊಳ್ಳುವ ಕೇಂದ್ರದಲ್ಲಿ ರೇಡಿಯೋ ಎಂಜಿನಿಯರ್. ದಾಕ್ಷಾಯಣಿ ಚಂದ್ರನ ದಕ್ಷಿಣದ ತುದಿಯಲ್ಲಿ ಮಂಜುಗಡ್ಡೆ ಅಗೆಯುವ ಯಂತ್ರಗಳನ್ನು ಕಾಯುತ್ತಿದ್ದಳು. ಆ ಠಾಣೆಯಲ್ಲಿ ಒಂದು ಪಾಳಿಗೆ ಒಬ್ಬರೇ ಇರಬೇಕು. ಅವಳ ತಾಯಿ ನೀಲಾಂಬಿಕಾ ಹುಬ್ಬಳ್ಳಿಯ ರೈಲ್ವೆ ಕಾಲೊನಿಯಲ್ಲಿದ್ದರು. ಬೆಣ್ಣಿಹಾಳ ಎಂಬ ಸಣ್ಣ ಸ್ಟೇಷನ್ನಿನಲ್ಲಿ ಸ್ಟೇಷನ್ ಮಾಸ್ತರರಾಗಿ ನಿವೃತ್ತರಾದವರು. ಗಾಡಿಗಳ ಸದ್ದಿನಲ್ಲೇ ಬಾಳಿದ್ದರಿಂದ ಕಿವಿ ಪೂರ್ತಿ ಮಂದವಾಗಿತ್ತು. ತುಟಿ ನೋಡಿ ಮಾತು ತಿಳಿಯುತ್ತಿದ್ದರು, ಅದೂ ತಮಗೆ ಬೇಕಾದ ಮಾತು ಮಾತ್ರ ಎಂಬುದು ನನ್ನ ಗುಮಾನಿ.

ಮಗಳು ಚಂದ್ರನಿಗೆ ಹೋದಾಗ ನಾನು ಅತ್ತೆಗೆ ಹೊಸ ಬಗೆಯ ಕನ್ನಡಕ ತಂದುಕೊಟ್ಟೆ. ಮಾತೆಲ್ಲ ಅಕ್ಷರವಾಗಿ ಕಣ್ಣ ಮುಂದೆ ತೇಲುವಂಥದು. ಅವರು ಅದನ್ನು ಒಮ್ಮೆ ಹಾಕಿ ತೆಗೆದಿಟ್ಟರು.

"ಇದರಾಗ ಅಕಿ ಹೇಳಿದ್ದೆಲ್ಲಾ ಒಮ್ಮೆಲೇ ಬಂದು ಬೀಳತೈತ್ರಿ. ಅಕಿ ಎಲ್ಲಿ ನಿಂತು ವಿಚಾರ ಮಾಡಿದ್ಲು, ಎಲ್ಲಿ ನಕ್ಕಳು, ಏನೂ ತಿಳಿಯಂಗಿಲ್ಲ. ನನಗ ಒಂದೊಂದ ಅಕ್ಷರ ಬರಬೇಕು."

ಒಂದೊಂದೇ ಅಕ್ಷರ ಕಳಿಸುವ ಯಂತ್ರ ಮನೆಯಲ್ಲೇ ಇತ್ತು. ಜೊತೆಗೆ ಒಂದು ಮೋಡೆಮ್, ಅಂದರೆ ಎರಡು ರಬ್ಬರ್ ಬಟ್ಟಲುಗಳಿರುವ ಡಬ್ಬಿ. ಹಳೇ ಟೆಲಿಫೋನಿನ ರಿಸೀವರನ್ನು ಆ ಬಟ್ಟಲುಗಳಲ್ಲಿ ಬೋರಲು ಮಲಗಿಸಬೇಕು. ಕಂಪ್ಯೂಟರು ಪ್ರತಿ ಅಕ್ಷರವನ್ನೂ ಒಂದು ಮತ್ತು ಸೊನ್ನೆಗಳಾಗಿ ಒಡೆಯುತ್ತದೆ. ಒಂದಕ್ಕೆ ಒಂದು ಸ್ವರ, ಸೊನ್ನೆಗೆ ಇನ್ನೊಂದು. ಮೋಡೆಮ್ ಅದನ್ನು ಫೋನಿನ ಬಾಯಿಗೆ ಹಾಡುತ್ತದೆ. ಆ ಕಡೆಯವರೂ ಅವೇ ಎರಡು ಸ್ವರಗಳಲ್ಲಿ ಉತ್ತರ ಹಾಡಬೇಕು. ಹಾಗಾಗಿ ಒಬ್ಬರು ಹಾಡುವಾಗ ಇನ್ನೊಬ್ಬರು ಸುಮ್ಮನಿರಬೇಕು.

ಕೇಳಲು ಸುಲಭ, ಆದರೆ ಈಗಿನ ಫೋನುಗಳು ಮಾತನ್ನು ತೊಳೆದು, ಒರೆಸಿ ಕಳಿಸುತ್ತವೆ. ಮನುಷ್ಯರ ದನಿಯಲ್ಲದ್ದು ಏನು ಕೇಳಿದರೂ ಅವಕ್ಕೆ ಅದು ಗದ್ದಲ. ಮೋಡೆಮ್ ಹಾಡಲು ಶುರುಮಾಡಿದರೆ ಸಾಕು, ಫೋನು ಅದನ್ನು ಸದ್ದಿಲ್ಲದೆ ಒರೆಸಿಹಾಕುತ್ತಿತ್ತು. ನಮಗೆ ಬೇಕಾದದ್ದು ಏನನ್ನೂ ತಿದ್ದದ, ಕೊಟ್ಟದ್ದನ್ನು ಕೊಟ್ಟ ಹಾಗೇ ಒಯ್ಯುವ ತಾಮ್ರದ ತಂತಿ. ಕಾಲೊನಿಯಿಂದ ಸಿಗ್ನಲ್ ಯಂತ್ರಗಳಿರುವ ರೈಲ್ವೆ ರಿಲೇ ರೂಮಿಗೆ ಅಂಥ ಒಂದು ಜೋಡಿ ತಂತಿ ಇನ್ನೂ ಉಳಿದಿತ್ತು. ಅದರ ಆ ತುದಿಗೆ ನಾನೊಂದು ಪೆಟ್ಟಿಗೆ ಕೂರಿಸಿದೆ. ಸ್ವರಗಳು ತಾಮ್ರದ ಮೇಲೆ ರಿಲೇ ರೂಮಿಗೆ, ಅಲ್ಲಿಂದ ಇಂಟರ್‌ನೆಟ್ಟಿನಲ್ಲಿ ನಮ್ಮ ಕೇಂದ್ರಕ್ಕೆ, ಕೇಂದ್ರದ ದೊಡ್ಡ ಆಂಟೆನಾ ತಟ್ಟೆಯಿಂದ ಚಂದ್ರನಿಗೆ. ಅಲ್ಲಿ ದಾಕ್ಷಾಯಣಿಯ ಅಂಗೈಯಗಲದ ಉಪಕರಣವೊಂದು ಅವನ್ನು ಕೇಳಿ ಅಕ್ಷರ ಮಾಡುತ್ತಿತ್ತು, ಮತ್ತು ಬಂದ ಅಕ್ಷರವನ್ನು ಹಾಗೇ ವಾಪಸು ಹಾಡುತ್ತಿತ್ತು. ಅತ್ತೆ ಒತ್ತಿದ ಅಕ್ಷರ ಟಿವಿಯ ಮೇಲೆ ತಕ್ಷಣ ಮೂಡುತ್ತಿರಲಿಲ್ಲ. ಚಂದ್ರನಿಗೆ ಹೋಗಿ ಬಂದ ಮೇಲೆ, ಎರಡೂವರೆ ಸೆಕೆಂಡು ಕಳೆದು ಮೂಡುತ್ತಿತ್ತು. ಮೂಡಿತೆಂದರೆ ಮಗಳಿಗೆ ಮುಟ್ಟಿತು ಎಂದರ್ಥ.

ಭಾನುವಾರದ ಮಧ್ಯಾಹ್ನ ಊಟವಾದ ಮೇಲೆ ನಾನು ಚಾಪೆಯ ಮೇಲೆ ಒರಗಿ ಇದನ್ನು ನೋಡುತ್ತಿದ್ದೆ. ಅತ್ತೆ ಕುಟ್ಟುತ್ತಾರೆ. ಪರದೆ ಖಾಲಿ. ಆ ಹೊತ್ತಿನಲ್ಲಿ ಅವರ ಮಾತು ಎಲ್ಲಿದೆ? ಮನೆಯಲ್ಲೂ ಇಲ್ಲ, ಚಂದ್ರನಲ್ಲೂ ಇಲ್ಲ. ಒಂದಿಷ್ಟು ಕನ್ನಡದ ಮಾತುಗಳು ಯಾರ ಕೈಗೂ ಸಿಗದೆ ಬರಿಯ ಬಯಲಿನಲ್ಲಿ ನಡೆದು ಹೋಗುತ್ತಿರುತ್ತವೆ. ಕಣ್ಣು ಮುಚ್ಚಿದರೆ ಅವು ಸಾಲಾಗಿ ಹೋಗುವುದು ನನಗೆ ಕಾಣುತ್ತಿತ್ತು. ಎಷ್ಟೋ ಸಲ ಹಾಗೇ ನಿದ್ದೆ ಬಂದದ್ದಿದೆ.

ಪ್ರತಿ ಮಾತುಕತೆಯ ಕೊನೆಯೂ ಒಂದೇ ಥರ. ಅತ್ತೆ ಕುಟ್ಟುವುದು: "ಪ್ರೈವೇಟ್ ನಂಬರ್ ಕೊಡು."

ಇದು ರೈಲಿನವರ ಪದ್ಧತಿ. ಗಾಡಿ ಬಿಡುವ ಮುಂಚೆ ಒಂದು ಸ್ಟೇಷನ್ನಿನವರು ಮುಂದಿನವರನ್ನು ಲೈನ್ ಕ್ಲಿಯರ್ ಕೇಳುತ್ತಾರೆ. ಹಳಿ ಖಾಲಿಯಿದ್ದರೆ ಮುಂದಿನವರು ಒಪ್ಪಿ, ತಮಗೆ ಮಾತ್ರ ಗೊತ್ತಿರುವ ಎರಡಂಕಿಯ ನಂಬರೊಂದನ್ನು ಹೇಳುತ್ತಾರೆ. ಕೇಳಿದವರು ಅದನ್ನು ತಿರುಗಿ ಒಪ್ಪಿಸಬೇಕು. ಹಾಗಾದಾಗಲೇ ಆ ಕಡೆ ಎಚ್ಚರವಾಗಿರುವ ಮನುಷ್ಯರೊಬ್ಬರು ಇದ್ದಾರೆ, ಮಾತು ಸರಿಯಾಗಿ ಕೇಳಿದ್ದಾರೆ ಎಂದು ಖಾತ್ರಿ. ದಾಕ್ಷಾಯಣಿ ಚಿಕ್ಕವಳಿದ್ದಾಗ ಕ್ವಾರ್ಟರ್ಸಿನಿಂದ ಸ್ಟೇಷನ್ನಿಗೆ ಫೋನು ಮಾಡಿ "ಅವ್ವಾ, ಊಟಕ್ಕ ಬಾ" ಎಂದರೆ, ಈ ಮಹಾತಾಯಿ ಅದಕ್ಕೂ ನಂಬರ್ ಕೇಳುತ್ತಿದ್ದರಂತೆ. ಹುಡುಗಿ ಬಾಯಿಗೆ ಬಂದ ನಂಬರ್ ಹೇಳುತ್ತಿದ್ದಳು. ಚಂದ್ರನಿಂದಲೂ ಅದೇ ಆಟ.

ಬೇಸೂರಿನ ವಿಷಯ ದಾಕ್ಷಾಯಣಿಯೇ ಕಂಡುಹಿಡಿದದ್ದು. ಯಂತ್ರದೊಳಗೆ ತಾಳ ಹಾಕುವ ಹರಳು ಮುಪ್ಪಾಗಿ ಸ್ವರ ಇಳಿದಿತ್ತು, ಸೆಕೆಗೆ ಇನ್ನಷ್ಟು ಇಳಿಯುತ್ತಿತ್ತು. ಅದನ್ನು ರಿಪೇರಿ ಮಾಡಿಸುತ್ತೇನೆಂದರೆ ಅವಳು ಬೇಡವೆಂದಳು. ತನ್ನ ಉಪಕರಣದ ಕಿವಿಯನ್ನೇ ಆ ಇಳಿದ ಸ್ವರಕ್ಕೆ ಹೊಂದಿಸಿಕೊಂಡಳು. "ಬೇರೆ ಯಾರ ಗದ್ದಲವೂ ಕೇಳಿಸೂದಿಲ್ಲ ಈಗ. ಅವ್ವನ ದನಿ ಮಾತ್ರ" ಎಂದು ನನಗೆ ಹೇಳಿದ್ದಳು.

ಹಾಗಿದ್ದಾಗ ಸೂರ್ಯನ ಬಿರುಗಾಳಿಯೊಂದು ಚಂದ್ರನ ಮೇಲೆ ಹಾಯ್ದು ಹೋಯಿತು. ಅದರ ಬೆನ್ನಿಗೇ ದಾಕ್ಷಾಯಣಿಯ ಠಾಣೆ ಮೂಕವಾಯಿತು.

ನಮ್ಮ ಕಂಟ್ರೋಲ್ ರೂಮಿನ ಗೋಡೆಯ ಮೇಲೆ ಆ ಠಾಣೆಯ ಕರೆಂಟು, ಗಾಳಿ, ಬಿಸಿ, ಅವಳ ನಾಡಿ, ಎಲ್ಲಕ್ಕೂ ಒಂದೊಂದು ಗೆರೆಯಿತ್ತು. ಎಲ್ಲ ಗೆರೆಗಳೂ ಒಂದೇ ಕ್ಷಣಕ್ಕೆ ನಿಂತಿದ್ದವು. ರೇಡಿಯೋ ಸುಟ್ಟಿರಬಹುದು, ಅವಳು ಕ್ಷೇಮವಾಗಿರಬಹುದು. ಅಥವಾ ಗಾಳಿಯ ಯಂತ್ರವೇ ನಿಂತಿರಬಹುದು. ಗೆರೆಗಳನ್ನು ನೋಡಿ ಯಾವುದನ್ನೂ ಹೇಳುವಂತಿರಲಿಲ್ಲ.

ಚಂದ್ರನ ಸುತ್ತ ಇಬ್ಬರು ಚಾಲಕರಿದ್ದ ಒಂದು ನೌಕೆ ಸುತ್ತುತ್ತಿತ್ತು. ಅದರಲ್ಲಿ ಒಮ್ಮೆ ಇಳಿದು ಏರುವಷ್ಟು ಇಂಧನವಿತ್ತು. ಆದರೆ ಇಳಿಯುವ ಜಾಗ ತೋರಿಸುವ ದಾರಿದೀಪವೂ ಆರಿದ್ದರಿಂದ, ಠಾಣೆಯಿದ್ದ ಕತ್ತಲ ಕುಳಿಗೆ ಕುರುಡಾಗಿ ಇಳಿಯಬೇಕು. ಇಬ್ಬರ ಜೀವ ಪಣಕ್ಕಿಟ್ಟು ಇಳಿಸಬೇಕೆಂದರೆ ಕೆಳಗೆ ಉಳಿಸಿಕೊಳ್ಳಲು ಒಂದು ಜೀವ ಇದೆಯೆಂದು ಗೊತ್ತಿರಬೇಕು. ಇಳಿಯದಿದ್ದರೆ ಆ ಸಂಜೆಯೇ ನೌಕೆ ಭೂಮಿಗೆ ಹೊರಡಬೇಕು. ಈ ತೀರ್ಮಾನ ಮಾಡಬೇಕಾದವರು ನಮ್ಮ ಡೈರೆಕ್ಟರ್ ಜೋಯ್ಸ್ ಮೊಂತೇರೊ. ಮಂಗಳೂರಿನವರು, ಮಾತು ಮಿತ. ಅವರು ದಾಕ್ಷಾಯಣಿಯ ಮದುವೆಯಲ್ಲಿ ನನ್ನ ಕಡೆಯವರೆಲ್ಲರಿಗಿಂತ ಚೆನ್ನಾಗಿ ಕುಣಿದಿದ್ದರು. ಆವತ್ತು ನನ್ನ ಮುಖ ನೋಡುತ್ತಿರಲಿಲ್ಲ.

"ಅವಳ ಅಂಗೈ ಉಪಕರಣಕ್ಕೆ ಬೇರೆ ಬ್ಯಾಟರಿ ಇದೆ ಮೇಡಂ, ಮೋಡೆಮ್ ಸ್ವರದಲ್ಲಿ ಕರೆಯೋಣ" ಎಂದೆ ನಾನು.

ಲ್ಯಾಬಿನಲ್ಲೇ ಆ ಎರಡು ಸ್ವರಗಳನ್ನು ಅಪ್ಪಟವಾಗಿ ಹುಟ್ಟಿಸಿ, ತಟ್ಟೆಗೆ ಪೂರ್ತಿ ಶಕ್ತಿ ಕೊಟ್ಟು, "ದಾಕ್ಷಾಯಣಿ, ಕೇಳಿಸುತ್ತಿದೆಯೇ?" ಎಂದು ಕಳಿಸಿದೆವು. ಎರಡೂವರೆ ಸೆಕೆಂಡಿಗೆ ಅಕ್ಷರಗಳು ಒಂದೊಂದಾಗಿ ತಿರುಗಿ ಬಂದವು. ನಾನು ಕುರ್ಚಿ ಬಿಟ್ಟು ಎದ್ದೆ. ಕೂಗಿದೆ ಕೂಡ.

"ಕೂತುಕೊಳ್ಳಿ ಶ್ರೀಶೈಲ" ಎಂದರು ಜೋಯ್ಸ್. "ಅದು ಬಂಡೆ."

ನನಗೆ ತಿಳಿಯದ ವಿಷಯವೇನಲ್ಲ. ಅಷ್ಟು ಶಕ್ತಿಯಲ್ಲಿ ಕೂಗಿದರೆ ಚಂದ್ರನ ನೆಲಕ್ಕೇ ಬಡಿದು ನಮ್ಮ ದನಿ ಹಿಂತಿರುಗುತ್ತದೆ, ಅದೂ ಅಷ್ಟೇ ಹೊತ್ತಿಗೆ. ಅವಳ ಉಪಕರಣ ಮಾಡುವುದೂ ಅದನ್ನೇ, ಬಂದದ್ದನ್ನು ಹಾಗೇ ಹಿಂತಿರುಗಿಸುವುದು. ಹೆಂಡತಿ ಯಾವುದು, ಕಲ್ಲು ಯಾವುದು ಎಂದು ತಿಳಿಯದ ಸ್ಥಿತಿ. ನಾವು ಮತ್ತೆ ಮತ್ತೆ ಕರೆದೆವು. ಮತ್ತೆ ಮತ್ತೆ ನಮ್ಮ ಮಾತೇ ಬಂತು. ಅಷ್ಟೊಂದು ದುಃಖ ನನಗೆ ಯಾವತ್ತೂ ಆಗಿರಲಿಲ್ಲ.

ಆಗ ಹೊಳೆಯಿತು. ಅಪ್ಪಟ ಸ್ವರ ಅವಳಿಗೆ ಕೇಳಿಸುವುದೇ ಇಲ್ಲ. ಅವಳು ಕಿವಿ ತೆರೆದಿಟ್ಟದ್ದು ಬೇಸೂರಿಗೆ.

ಲ್ಯಾಬಿನಲ್ಲಿ ಸ್ವರ ಇಳಿಸಿ ನೋಡಿದೆವು. ಎಷ್ಟು ಇಳಿಸಬೇಕೆಂದು ಯಾರಿಗೆ ಗೊತ್ತು? ಆ ಯಂತ್ರ ಬಿಸಿಲಿಗೊಂದು, ಮೋಡಕ್ಕೊಂದು ರಾಗ ಹಾಡುತ್ತಿತ್ತು. ಜೋಯ್ಸ್ ತಮ್ಮ ಕಾರಿನ ಕೀಲಿ ನನ್ನ ಮುಂದಿಟ್ಟರು. "ಹೋಗಿ. ನೌಕೆ ಹೊರಡುವವರೆಗೆ ತಟ್ಟೆ ನಿಮ್ಮದು."

ಹುಬ್ಬಳ್ಳಿ ಸೇರಿದಾಗ ಮಧ್ಯಾಹ್ನದ ಬಿಸಿಲು ಇಳಿಮುಖವಾಗಿತ್ತು. ಕಾಲೊನಿಯ ಬೇವಿನ ಮರಗಳ ಮೇಲೆ ಹಗಲ ಚಂದ್ರ ತೆಳ್ಳಗೆ ಕಾಣುತ್ತಿತ್ತು. ಅತ್ತೆ ಬಾಗಿಲಲ್ಲೇ ನಿಂತಿದ್ದರು. ಸುದ್ದಿ ಅವರಿಗೆ ಮೊದಲೇ ಮುಟ್ಟಿತ್ತು. ಕಂಪ್ಯೂಟರನ್ನೂ ಹಚ್ಚಿಟ್ಟಿದ್ದರು.

"ಬರ್ರಿ. ಮಷೀನ್ ಆವಾಗಿಂದ ಕಾಯಾಕತ್ತೈತಿ" ಎಂದರು.

ನಾನು ಜೇಬಿನ ಫೋನಿನಲ್ಲಿ ಜೋಯ್ಸ್ ಅವರನ್ನು ಹಿಡಿದಿಟ್ಟುಕೊಂಡೆ. ಅತ್ತೆ ಹಳೇ ರಿಸೀವರ್ ಎತ್ತಿ, ತಮಗೇ ಕೇಳಿಸದಿದ್ದರೂ ಅಭ್ಯಾಸದಂತೆ "ಬೆಣ್ಣಿಹಾಳ" ಎಂದು ಊರಿನ ಹೆಸರು ಹೇಳಿ, ರಬ್ಬರ್ ಬಟ್ಟಲುಗಳಲ್ಲಿ ಮಲಗಿಸಿದರು. ಮೋಡೆಮ್ ತನ್ನ ಇಳಿದ ದನಿಯಲ್ಲಿ ಕುಂಯ್ಯೆಂದಿತು. ರಿಲೇ ರೂಮಿನ ಪೆಟ್ಟಿಗೆ ಉತ್ತರಿಸಿತು. ತಟ್ಟೆಯ ದಾರಿ ತೆರೆಯಿತು.

ಅತ್ತೆ ಮಗಳ ಹೆಸರು ಕುಟ್ಟಿದರು. ಖಾಲಿ ಪರದೆ. ಆಮೇಲೆ ಹಸಿರು ಅಕ್ಷರಗಳು ಒಂದೊಂದಾಗಿ ಮೂಡಿದವು.

"ಬಂತು! ಬಂತು ನೋಡ್ರಿ! ಅಕಿಗೆ ಮುಟ್ಟಿತು!" ಅತ್ತೆ ನನ್ನ ತೋಳು ಹಿಡಿದುಕೊಂಡರು.

ಆ ಮುಖ ನೋಡಿ ಹೇಳುವುದು ಎಷ್ಟು ಕಷ್ಟವಾಯಿತು. ಆದರೂ ಹೇಳಿದೆ, ತುಟಿ ಬಿಡಿಸಿ ಬಿಡಿಸಿ. "ಅತ್ತಿ, ಅದು ದಾಕ್ಷಿ ಅಲ್ಲದಿರಬಹುದು. ನಿಮ್ಮ ಮಾತ ಕಲ್ಲಿಗೆ ಬಡದು ತಿರುಗಿ ಬರತೈತಿ."

ಅತ್ತೆ ಪರದೆಯನ್ನು ನೋಡಿದರು.

ನಾನು ಪಕ್ಕದಲ್ಲಿ ಕೂತು ಹೇಳಿಕೊಟ್ಟೆ. "ಕೇಳಿಸುತ್ತಿದೆಯೇ? ಉತ್ತರಿಸು." ಅವರು ಕುಟ್ಟಿದರು. ಅದೇ ಬಂತು. "ಇನ್ನೊಮ್ಮೆ" ಎಂದೆ. ಬಂದ ಮಾತು ಮುಗಿಯುವ ಮೊದಲೇ ಇನ್ನೊಮ್ಮೆ, ಮತ್ತೂ ಒಮ್ಮೆ. ಯಂತ್ರ ಬಿಸಿಯೇರುತ್ತಿತ್ತು, ಸ್ವರ ಇನ್ನೂ ಇಳಿಯುತ್ತಿತ್ತು. ನನಗೆ ಅವಸರ. ಪರದೆ ತುಂಬ ಉತ್ತರಿಸು ಉತ್ತರಿಸು ಎಂದು ನಮ್ಮ ಗೋಳೇ ತುಂಬಿತು.

ಜೇಬಿನಿಂದ ಜೋಯ್ಸ್ ದನಿ ಬಂತು. "ಶ್ರೀಶೈಲ, ಕೇಳಿ. ನೌಕೆಗೆ ಇನ್ನು ಹೆಚ್ಚು ಹೊತ್ತು ಇಲ್ಲ. ಅವಳು ಕೇಳಿಸಿಕೊಳ್ಳುತ್ತಿದ್ದಾಳೆ ಅಂತಲೇ ಇಟ್ಟುಕೊಳ್ಳುವ. ದಾರಿದೀಪವನ್ನು ಎರಡನೇ ಬ್ಯಾಟರಿಗೆ ಹಾಕಲು ಹೇಳಿ. ಸೂಚನೆ ಓದುತ್ತೇನೆ, ಹಾಗೇ ಟೈಪ್ ಮಾಡಿಸಿ."

ಉದ್ದದ ಸೂಚನೆ. ನಾನು ಅದನ್ನು ತುಟಿಯಲ್ಲಿ ಒಪ್ಪಿಸುತ್ತ ಹೋದೆ. ಅತ್ತೆ ನನ್ನ ಮುಖ ನೋಡಲೇ ಇಲ್ಲ. ಪರದೆ ಅಳಿಸಿದರು. ಬೆನ್ನು ನೆಟ್ಟಗೆ ಮಾಡಿ ಕೂತರು. ಕೀಲಿಗಳ ಮೇಲೆ ಬೆರಳಿಟ್ಟು, ನಿಧಾನಕ್ಕೆ, ಇಡೀ ನೌಕರಿಯಲ್ಲಿ ಮಾಡಿದ್ದನ್ನೇ ಮಾಡಿದರು.

"ಬೆಣ್ಣಿಹಾಳ. ಗಾಡಿ ತಯಾರೈತಿ. ಲೈನ್ ಕ್ಲಿಯರ್ ಐತೇನು? ಪ್ರೈವೇಟ್ ನಂಬರ್ ಕೊಡು."

"ಅತ್ತಿ! ಅದಲ್ಲ! ಬ್ಯಾಟರಿ ಅನ್ರಿ, ಬ್ಯಾಟರಿ!" ನಾನು ಕಿರುಚಿದೆ. ಕಿವುಡರ ಮುಂದೆ ಕಿರುಚಿ ಏನು ಬಂತು? ನಾನೇ ಕೀಲಿಗಳಿಗೆ ಕೈ ಹಾಕಹೋದೆ. ಅತ್ತೆ ನನ್ನ ಕೈಯ ಮೇಲೆ ಪಟ್ಟೆಂದು ಹೊಡೆದರು. ಅಳಿಯನಿಗೆ ಹೊಡೆದದ್ದು ಅದೇ ಮೊದಲು.

"ನಂಬರ್ ಕೇಳೇನಿ. ನಂಬರ್ ಬರೂತನಕ ಲೈನ್ ಮ್ಯಾಲೆ ಯಾರೂ ಮಾತಾಡಬಾರದು."

ತಮ್ಮೆರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡರು.

ಅವರ ಮಾತು ಪರದೆಗೆ ತಿರುಗಿ ಬಂತು, ಹೋದ ಹಾಗೆಯೇ, ಕಲ್ಲಿನಷ್ಟು ನಿಷ್ಠೆಯಿಂದ. ಕೊನೆಯ ಅಕ್ಷರ ಮೂಡಿ ಪರದೆ ನಿಂತಿತು. ಬಂಡೆ ಹೇಳುವುದೆಲ್ಲ ಮುಗಿದಿತ್ತು. ಮೋಡೆಮ್ಮೂ ಸುಮ್ಮನಾಯಿತು. ಬೆಳಗಿನಿಂದ ನಾವು ಬಾಯಿ ಮುಚ್ಚಿದ್ದು ಅದೇ ಮೊದಲು ಎಂದು ನನಗೆ ಆಗ ತಿಳಿಯಿತು. ಅವಳ ಉಪಕರಣದ ಶಕ್ತಿ ಒಂದು ಟಾರ್ಚಿನಷ್ಟು. ನಮ್ಮ ಕೂಗು, ಕೂಗಿನ ಮಾರ್ದನಿ, ಅದರ ಮೇಲೆ ಮತ್ತೆ ಕೂಗು. ಇದರ ನಡುವೆ ಅವಳು ಉತ್ತರ ಹೇಳಿದ್ದರೂ ನಮಗೆ ಕೇಳಿಸುವಂತಿರಲಿಲ್ಲ.

ಹೊರಗೆ ಯಾವುದೋ ಗೂಡ್ಸ್ ಗಾಡಿ ನಿಧಾನವಾಗಿ ಹಾದುಹೋಗುತ್ತಿತ್ತು. ನಾನು ಕಿಟಕಿಯಾಚೆ ಚಂದ್ರನನ್ನು ನೋಡುತ್ತ ಕೂತೆ. ಎಚ್ಚರವೋ ಕನಸೋ ತಿಳಿಯದಂಥ ಹೊತ್ತು. ನಡುವಿನ ಬಯಲೆಲ್ಲ ಖಾಲಿಯಾಗಿತ್ತು. ಹಳಿ ಖಾಲಿ ಇತ್ತು.

ಪರದೆಯ ಮೇಲೆ ಒಂದು ನಾಲ್ಕು ಮೂಡಿತು.

ಆಮೇಲೆ ಏನೂ ಇಲ್ಲ. ನಾನು ಉಸಿರು ಹಿಡಿದೆ. ಅತ್ತೆ ಮಾತ್ರ ಪರದೆಯತ್ತ ಬಾಗಿ, ಗುರುತಿನವರನ್ನು ದೂರದಿಂದ ನೋಡಿದ ಹಾಗೆ ನೋಡುತ್ತಿದ್ದರು. "ವಿಚಾರ ಮಾಡಾಕತ್ತಾಳ" ಎಂದು ಪಿಸುಗುಟ್ಟಿದರು. "ಸಣ್ಣಾಕಿ ಇದ್ದಾಗಿಂದ ಹಿಂಗ. ಎರಡನೇದ್ದಕ್ಕ ನಿಂದ್ರತಾಳ."

ಒಂಬತ್ತು ಮೂಡಿತು.

ನಾವು ಕಳಿಸಿದ್ದರಲ್ಲಿ ಒಂದೇ ಒಂದು ಅಂಕಿಯೂ ಇರಲಿಲ್ಲ. ಫೋನಿಗೆ "ನಲವತ್ತೊಂಬತ್ತು" ಎಂದೆ.

ಜೋಯ್ಸ್ ಅಷ್ಟಕ್ಕೇ ಒಪ್ಪಲಿಲ್ಲ. "ಗದ್ದಲದಿಂದಲೂ ಒಂದೆರಡು ಅಂಕಿ ಹುಟ್ಟಬಹುದು ಮಾರಾಯ್ರೇ. ನನ್ನ ಇಬ್ಬರು ಹುಡುಗರು ಅಲ್ಲಿ ಮೇಲೆ ಇದ್ದಾರೆ. ಇನ್ನೊಮ್ಮೆ ಕೇಳಿಸಿ."

ನಾನು ಅತ್ತೆಗೆ ಹೇಳಿದೆ. ಅವರು ತಲೆಯಾಡಿಸಿದರು. "ಕೊಟ್ಟ ನಂಬರ್ ಮತ್ತ ಕೇಳಬಾರದು. ನಾವು ತಿರುಗಿ ಒಪ್ಪಿಸಬೇಕು, ಅಷ್ಟ." ಒಂದು ಬೆರಳಿನಿಂದ ನಾಲ್ಕು ಒತ್ತಿದರು, ಒಂಬತ್ತು ಒತ್ತಿದರು. ಮತ್ತೆ ಕೈ ಮಡಿಲಿಗೆ.

ನಾಲ್ಕು, ಒಂಬತ್ತು ತಿರುಗಿ ಬಂದವು. ಅದು ಬಂಡೆಯೂ ಹೇಳುತ್ತದೆ. ನಾವು ಕಾದೆವು. ಆಮೇಲೆ ಕೆಳಗಿನ ಸಾಲಿನಲ್ಲಿ ಅಕ್ಷರಗಳು ಬರತೊಡಗಿದವು, ತಡವರಿಸುತ್ತ, ನಡುವೆ ದಣಿವಾರಿಸಿಕೊಳ್ಳುತ್ತ. ಅತ್ತೆ ಒಂದೊಂದನ್ನೂ ಗಟ್ಟಿಯಾಗಿ ಓದಿದರು. ಜೋಯ್ಸ್‌ಗೂ ಕೇಳಿಸುತ್ತಿತ್ತು.

"ಅವ್ವಾ, ನಿನ್ನ ಮಷೀನ್ ಭಾಳ ಬೇಸೂರ ಆಗೈತಿ. ಸ್ವರ ಹುಡುಕಿ ಹುಡುಕಿ ಸಾಕಾತು. ಎಲ್ಲಾರೂ ಒಮ್ಮೆಲೇ ಒದರಬ್ಯಾಡ್ರಿ. ಗಾಡಿ ಬಿಡ್ರಿ."

ಫೋನಿನಲ್ಲಿ ಜೋಯ್ಸ್ ಮೂಗು ಒರೆಸಿಕೊಂಡದ್ದು ಕೇಳಿಸಿತು. ಆಮೇಲೆ ಅವರ ಎಂದಿನ ದನಿ, ನನಗಲ್ಲ, ಕಂಟ್ರೋಲ್ ರೂಮಿಗೆ. "ನೌಕೆಗೆ ಹೇಳಿ. ಇಳಿಯಲಿ. ದಾರಿದೀಪಕ್ಕೆ ನಾವು ಅವಳಿಗೆ ಹೇಳಿಕೊಡುತ್ತೇವೆ, ನಿಧಾನಕ್ಕೆ, ಒಂದೊಂದೇ ಅಕ್ಷರ."

ನಾನು ಅಳುತ್ತಿದ್ದೆ, ನಾಚಿಕೆಯಿಲ್ಲದೆ. ಅತ್ತೆ ಅತ್ತಿರಲಿಲ್ಲ. ಅವರು ಕೊನೆಯ ಸಾಲನ್ನು ಬಿಟ್ಟು ಮೊದಲ ಸಾಲನ್ನೇ ದುರುಗುಟ್ಟಿ ನೋಡುತ್ತಿದ್ದರು.

"ಬೇಸೂರಂತ!" ಎಂದರು. "ಚಂದ್ರನ ಮ್ಯಾಲೆ ಕುಂತು ನನ್ನ ಮಷೀನಿಗೆ ಹೆಸರಿಡತಾಳ. ಬರಲಿ ಕೆಳಗ, ಮಾಡತೀನಿ ಅಕಿಗೆ."

ಹಾಗೆಂದು ಸೆರಗಿನಿಂದ ಯಂತ್ರದ ಬಿಸಿ ಬೆನ್ನನ್ನು ಒರೆಸಿದರು, ಒರೆಸುತ್ತಲೇ ಅದರ ಮೇಲೆ ಕೆನ್ನೆಯಿಟ್ಟು ಅತ್ತರು.